ಬಿಟ್ಟುಕೊಟ್ಟ ಕೆಲಸ

ಮೆಕ್ಯಾನಿಕ್ಕು ತನ್ನ ಕೆಲಸವನ್ನು ಹೆಂಡತಿಗಾಗಿ ಬಿಟ್ಟುಕೊಟ್ಟ ಸುದ್ದಿ ಬೀದಿಗೆಲ್ಲ ಹರಡುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವನೇ ಹೇಳಿಕೊಂಡು ಬಂದಿದ್ದ. ಮೂಲೆಯ ಅಂಗಡಿಯಲ್ಲಿ ಬೇಳೆ ಕಟ್ಟಿಸಿಕೊಳ್ಳುವಾಗ ಹೇಳಿದ, ಕ್ಷೌರದ ಕುರ್ಚಿಯಲ್ಲಿ ಕತ್ತು ಬಗ್ಗಿಸಿಕೊಂಡೇ ಹೇಳಿದ, ಮೆಟ್ಟಿಲ ಮೇಲೆ ಎದುರಾದವರನ್ನು ನಿಲ್ಲಿಸಿಕೊಂಡು ಹೇಳಿದ. ಶರ್ಟಿನ ಕಾರ್ಖಾನೆಯಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಿಂದ ಒಬ್ಬರು ಹೋಗಬೇಕು ಅಂದರಂತೆ, ಯಾರು ಅಂತ ನೀವೇ ತೀರ್ಮಾನ ಮಾಡಿ ಅಂದರಂತೆ, ಇವನು ಒಂದು ಗಳಿಗೆಯೂ ಯೋಚಿಸದೆ ನಾನೇ ಹೋಗುತ್ತೇನೆ ಅಂದನಂತೆ. ಕೇಳಿದವರು ತಲೆದೂಗಿದರು. ಕೆಲವು ಹೆಂಗಸರು ಮನೆಗೆ ಹೋಗಿ ತಮ್ಮ ಗಂಡಂದಿರನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರಂತೆ.

ಅವನ ಹೆಂಡತಿಯನ್ನು ಕಾರ್ಖಾನೆಯಲ್ಲಿ ಎಲ್ಲರೂ ಕಾಲರ್ ಅಕ್ಕ ಎನ್ನುತ್ತಾರೆ. ಕಾಲರ್ ಹೊಲಿಯುವ ಸಾಲಿಗೆ ಅವಳೇ ಸೂಪರ್‌ವೈಸರ್. ಗಂಡನ ತ್ಯಾಗದ ಮಾತು ಯಾರ ಬಾಯಿಂದ ಬಂದರೂ ಅವಳು ಕಣ್ಣು ಕೆಳಗೆ ಹಾಕುತ್ತಿದ್ದಳು. ಪಾಪ, ಸಂಕೋಚ ಎಂದುಕೊಂಡರು ಜನ. ಅದು ಸಂಕೋಚವಲ್ಲ, ಭಯ. ಆ ತ್ಯಾಗವನ್ನು ಹೊಂದಿಸಿಕೊಟ್ಟವಳು ಅವಳೇ.

ನಡೆದದ್ದು ಇಷ್ಟು. ಕಾರ್ಖಾನೆಗೆ ಹೊಸ ಯಂತ್ರಗಳು ಬಂದವು, ಕೆಟ್ಟರೆ ಮಾರಿದ ಕಂಪನಿಯವರೇ ಬಂದು ಸರಿಮಾಡುತ್ತಾರೆ ಎಂಬ ಒಪ್ಪಂದದ ಸಮೇತ. ಇನ್ನು ಕಾರ್ಖಾನೆಗೆ ಸ್ವಂತ ಮೆಕ್ಯಾನಿಕ್ ಯಾಕೆ? ಮ್ಯಾನೇಜರು ಒಂದು ಮಧ್ಯಾಹ್ನ ಅವಳನ್ನು ಗಾಜಿನ ಕೋಣೆಗೆ ಕರೆದು, ನಿಮ್ಮ ಯಜಮಾನರನ್ನು ತಿಂಗಳ ಕೊನೆಗೆ ಬಿಡಿಸುತ್ತಿದ್ದೇವೆ, ನೀವೇ ಮನೆಯಲ್ಲಿ ಮೆಲ್ಲಗೆ ತಿಳಿಸಿದರೆ ಒಳ್ಳೆಯದು ಎಂದರು. ಯಂತ್ರಗಳ ನಡುವೆ ನಿಂತು ಯಾರೂ ರಂಪ ಮಾಡದಿದ್ದರೆ ಅವರಿಗೆ ಸಾಕಿತ್ತು.

ಅವಳಿಗೆ ಗಂಡನ ಸ್ವಭಾವ ಅಂಗೈ ಗೆರೆಯಷ್ಟು ಗೊತ್ತು. ಕೇಳಿದರೆ ಅವನು ಇಲ್ಲ ಎನ್ನುವ ಮನುಷ್ಯನಲ್ಲ. ಬಾಮೈದ ಕೇಳಿದನೆಂದು ಹೊಸ ಸೈಕಲನ್ನು ಕೊಟ್ಟು ವರ್ಷವಿಡೀ ನಡೆದು ಓಡಾಡಿದವನು. ಗುರುತಿಲ್ಲದ ಯಾರಿಗೋ ಕೊಡೆ ಕೊಟ್ಟು ತಾನು ನೆನೆದು ಜ್ವರ ತಂದುಕೊಂಡವನು. ಆದರೆ ನೀನು ಬೇಡ ಎಂದರೆ ಮಾತ್ರ ಅವನಿಗೆ ಅರಗುವುದಿಲ್ಲ. ಹಿಂದೊಮ್ಮೆ ಗೆಳೆಯರು ಇವನನ್ನು ಕರೆಯದೆ ಪ್ರವಾಸ ಹೋಗಿದ್ದಕ್ಕೆ ವಾರಗಟ್ಟಲೆ ಗೋಡೆ ನೋಡಿಕೊಂಡು ಊಟ ಮಾಡಿದ್ದ. ಈಗ ಕಾರ್ಖಾನೆಯೇ ಬೇಡ ಅಂದಿತೆಂದರೆ ಏನಾದಾನು ಎಂದು ಅವಳಿಗೆ ಎದೆ ಹಾರಿತು.

"ಅವರಿಗೆ ಹಾಗೆ ಹೇಳ್ಬೇಡಿ ಸಾರ್," ಎಂದಳು. "ಇಬ್ಬರಲ್ಲಿ ಒಬ್ಬರು ಹೋಗ್ಬೇಕು, ಯಾರು ಅಂತ ನೀವೇ ನೋಡ್ಕೊಳ್ಳಿ ಅಂತ ಹೇಳಿ. ಅವರು ತಾವಾಗೇ ಹೋಗ್ತಾರೆ."

"ನಾನೇ ಇರ್ತೀನಿ ಅಂದ್ರೆ?"

"ಅನ್ನಲ್ಲ ಸಾರ್."

ಮ್ಯಾನೇಜರಿಗೆ ಕಷ್ಟವೇನಿತ್ತು? ಹಾಗೆಯೇ ಹೇಳಿದರು. ಆ ಸಂಜೆ ಅವನು ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ, ನೀನಿರು, ನನಗೇನು, ಕೈಯಲ್ಲಿ ಕಸುಬಿದೆ, ಎಲ್ಲಿ ಹೋದರೂ ನಡೆಯುತ್ತದೆ ಎಂದ. ಅವಳು ಅತ್ತುಬಿಟ್ಟಳು. ಎಂಥ ಗಂಡ ಸಿಕ್ಕಿದ ಎಂದು ಅತ್ತಳು, ಇಂಥವನಿಗೆ ಸುಳ್ಳು ಹೇಳಿಸಿದೆನಲ್ಲ ಎಂದೂ ಅತ್ತಳು. ಅವನು ಎಣ್ಣೆ ಕೈಯಲ್ಲೇ ಅವಳ ಕೆನ್ನೆ ಒರೆಸಿದ. ಮದುವೆಯಾದ ಹೊಸದರಲ್ಲೂ ಅವರು ಒಬ್ಬರನ್ನೊಬ್ಬರು ಅಷ್ಟು ಮೆಚ್ಚಿಕೊಂಡಿರಲಿಲ್ಲ.

ಮೊದಮೊದಲು ಮನೆಯಲ್ಲಿ ಹಬ್ಬದ ಕಳೆ. ಮೆಕ್ಯಾನಿಕ್ಕು ಅಡುಗೆಗೆ ನಿಂತ. ಬೇಳೆ ಒಂದು ದಿನ ಸೀದರೆ ಇನ್ನೊಂದು ದಿನ ಬೇಯಲಿಲ್ಲ, ಆದರೂ ಎಲ್ಲರೂ ಬಾಯಿ ಮುಚ್ಚಿಕೊಂಡು ಉಂಡರು. ತೊಟ್ಟಿಕ್ಕುತ್ತಿದ್ದ ನಲ್ಲಿ ಸರಿಮಾಡಿದ, ಫ್ಯಾನು ಬಿಚ್ಚಿ ಒರೆಸಿ ಮತ್ತೆ ಹಾಕಿದ, ಮಿಕ್ಸಿಯ ಹೊಟ್ಟೆ ಬಗೆದು ನೋಡಿದ. ಮನೆಯ ಬಾಗಿಲುಗಳಿಗೆಲ್ಲ ಎಣ್ಣೆ ಬಿಟ್ಟಿದ್ದರಿಂದ, ಯಾರು ಬಂದರು ಯಾರು ಹೋದರು ಎಂದು ತಿಳಿಯದೆ ಅವನ ತಾಯಿಗೆ ಹೊತ್ತು ಹೋಗದಂತಾಯಿತು. ಮಗನ ಕೈಯಡುಗೆ ತಿನ್ನುವ ಯೋಗ ಈ ವಯಸ್ಸಿನಲ್ಲಿ ಬಂತು ಎಂದು ಮುದುಕಿ ಹೇಳುತ್ತಿದ್ದಳು. ಅದು ಸಂತೋಷಕ್ಕೋ ದುಃಖಕ್ಕೋ ಯಾರೂ ಕೇಳಲಿಲ್ಲ.

ಆಮೇಲೆ ಬಿಚ್ಚುವುದಕ್ಕೆ ಮನೆಯಲ್ಲಿ ಏನೂ ಉಳಿಯಲಿಲ್ಲ. ಆಗ ಶುರುವಾಯಿತು.

ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದರೆ, ಕೆಲಸವನ್ನೇ ಬಿಟ್ಟುಕೊಟ್ಟಿದ್ದು ಕಾಣಲಿಲ್ಲ, ಉಪ್ಪು ಕಾಣಿಸಿತೇ ಎನ್ನುತ್ತಿದ್ದ. ಬೆಳಗ್ಗೆ ಬಚ್ಚಲುಮನೆಗೆ ನಾನು ಮೊದಲು ಹೋಗಲೇ ಎಂದು ಅವಳು ಕೇಳಿದರೆ, ಹೋಗಮ್ಮ, ಬಿಟ್ಟುಕೊಡುವುದು ನನಗೇನು ಹೊಸದೇ ಎನ್ನುತ್ತಿದ್ದ. ಸಿಟ್ಟಿನಿಂದಲ್ಲ, ನಗುನಗುತ್ತಲೇ. ಸಿಟ್ಟಾಗಿದ್ದರೆ ತಿರುಗಿ ಎರಡು ಮಾತು ಆಡಬಹುದಿತ್ತು. ನಗುವವನಿಗೆ ಏನು ಹೇಳುವುದು? ಅವಳು ಬಚ್ಚಲ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಲೈನಿನಲ್ಲಿ ಟಾರ್ಗೆಟ್ ಮುಗಿಸಿಕೊಂಡು ತಡವಾಗಿ ಬಂದ ದಿನ ಅತ್ತೆ ಕೂತಲ್ಲಿಂದಲೇ ಎಚ್ಚರಿಸುತ್ತಿದ್ದಳು.

"ಅವನು ದಾರಿ ಬಿಟ್ಟಿದ್ದಕ್ಕೆ ನೀನು ನಡೀತಿದ್ದೀಯ ಕಣಮ್ಮ. ಅದು ನೆನಪಿರಲಿ."

ಕಾಲೇಜಿಗೆ ಹೋಗುವ ಮಗಳೊಬ್ಬಳೇ ಈ ಮನೆಯಲ್ಲಿ ಎದುರಾಡುವವಳು. ಅಪ್ಪ ಅವಳ ಓದುವ ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆಯ ಭಾಗಗಳನ್ನು ಹರವಿಕೊಂಡು ಕೂತಾಗ, "ನೀನು ಬಿಟ್ಟುಕೊಟ್ಟಿದ್ದು ಅಮ್ಮನಿಗೆ. ನಾನು ಯಾಕಪ್ಪ ಮೇಜು ಬಿಟ್ಟುಕೊಡ್ಬೇಕು?" ಎಂದು ಕೇಳಿದಳು. ಅವನಿಗೆ ಎಲ್ಲಿಗೆ ತಾಗಿತೋ, ಎಲ್ಲವನ್ನೂ ಬಾಚಿಕೊಂಡು ಅಡುಗೆಮನೆಯ ನೆಲಕ್ಕೆ ಹೋಗಿ ಕೂತ. ಮಗಳಿಗೆ ಬೈಯಬೇಕಾದವಳು ತಾನೇ ಎಂದು ಕಾಲರ್ ಅಕ್ಕ ಬೈದಳು. ಮಗಳು ಆ ಹೊತ್ತು ಉಣ್ಣಲಿಲ್ಲ.

ಇಷ್ಟರಲ್ಲಿ ಮೇಲಿನ ಮಹಡಿಯ ಲಿಫ್ಟಿನವನು ಒಂದು ಸುದ್ದಿ ತಂದ. ಅವನು ಲಿಫ್ಟುಗಳನ್ನು ನೋಡಿಕೊಳ್ಳುವ ಒಂದು ಕಂಪನಿಯಲ್ಲಿ ಹಳಬ. ಅಲ್ಲಿ ಆಳು ಬೇಕಿದೆ, ಯಂತ್ರದ ಕೈ ಇರುವವರಿಗೆ ಕಲಿಸುತ್ತಾರೆ, ಮೊದಲಲ್ಲಿ ಒಬ್ಬ ಸೀನಿಯರ್ ಹಿಂದೆ ಚೀಲ ಹಿಡಿದು ಓಡಾಡಬೇಕು, ಆಮೇಲೆ ಸ್ವಂತವಾಗಿ ಕಟ್ಟಡಗಳನ್ನು ಒಪ್ಪಿಸುತ್ತಾರೆ ಎಂದ. ಸಂಬಳ ಕಾರ್ಖಾನೆಗಿಂತ ಸ್ವಲ್ಪ ಕಡಿಮೆ, ಆದರೆ ಲಿಫ್ಟು ಇರುವವರೆಗೂ ಕೆಲಸವಿದೆ. ಕಾಲರ್ ಅಕ್ಕನಿಗೆ ಉಸಿರು ಬಂದಂತಾಯಿತು. ಗಂಡ ಮಾತ್ರ ಲಿಫ್ಟಿನವನ ಬೆನ್ನು ತಟ್ಟಿ, ಬೇರೆ ಯಾರಿಗಾದರೂ ಕೊಡಿಸಿ, ಪಾಪ, ಎಷ್ಟೋ ಜನ ಕೆಲಸ ಕಳೆದುಕೊಂಡಿದ್ದಾರೆ ಎಂದ.

ತಾನು ಆ ಪೈಕಿಯವನಲ್ಲ ಎಂದೇ ಅವನ ನಂಬಿಕೆ. ಅವನು ಕಳೆದುಕೊಂಡಿರಲಿಲ್ಲವಲ್ಲ, ಬಿಟ್ಟುಕೊಟ್ಟಿದ್ದ. ಕೊಟ್ಟವನಿಗೆ ಒಂದು ಹಕ್ಕಿರುತ್ತದೆ. ಕೊನೆಯ ದಿನ ಮ್ಯಾನೇಜರು ಕೈ ಕುಲುಕಿ ನೋಡೋಣ ಎಂದಿದ್ದರು. ಅಂಥ ಸ್ಥಾನದಲ್ಲಿ ಕೂತವರು ಮಾತು ಮುಗಿಸುವುದಕ್ಕೆ ಹಾಗೆ ಅನ್ನುತ್ತಾರೆ. ಇವನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಹೊಸ ಯಂತ್ರಗಳು ಒಂದು ಸಲ ಕೈಕೊಡಲಿ, ಆಗ ಗೊತ್ತಾಗುತ್ತದೆ, ಕರೆದುಕೊಂಡು ಹೋಗುವುದಕ್ಕೆ ಮನೆ ಬಾಗಿಲಿಗೇ ಬರುತ್ತಾರೆ ಎನ್ನುತ್ತಿದ್ದ. ಅದಕ್ಕೇ ತನ್ನ ಉಪಕರಣದ ಪೆಟ್ಟಿಗೆಯನ್ನು ಮನೆಗೆ ತಂದಿರಲಿಲ್ಲ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ, ಅದು ಕಾರ್ಖಾನೆಯ ಹಿಂದಿನ ಗೋಡೆಯ ಬಳಿ, ಅವನ ಹಳೆಯ ಬೆಂಚಿನ ಕೆಳಗೆ ಕೂತಿತ್ತು.

ಅವಳು ಬೇಡಿಕೊಂಡಳು. ಬಟ್ಟೆ ಒಣಹಾಕುವಾಗ ಬೇಡಿಕೊಂಡಳು, ಚಹಾ ಕೈಗೆ ಕೊಡುವಾಗ ಬೇಡಿಕೊಂಡಳು. ಅಲ್ಲಿಂದ ಕರೆ ಬಂದಾಗ ಬಂದೀತು, ಈಗ ಇದಕ್ಕೆ ಸೇರಿಕೊಳ್ಳಿ ಎಂದಳು. ಚೀಲ ಹೊರುವವನಾಗಿ ನನ್ನನ್ನು ನೋಡಬೇಕು ಅಂತ ನಿನಗೆ ಆಸೆಯೇ ಎಂದು ಅವನು ಕೇಳಿದ. ನಿಜ ಹೇಳಿದರೆ ಗಂಡ ಮುರಿದುಬೀಳುತ್ತಾನೆ, ಹೇಳದಿದ್ದರೆ ಬಾರದ ಕರೆಗೆ ಕಾಯುತ್ತ ಮನೆಯಲ್ಲೇ ಮುದುಕನಾಗುತ್ತಾನೆ. ಕೈಯಾರೆ ಬಾಗಿಲು ಹಾಕಿಕೊಂಡು ಈಗ ಇಬ್ಬರೂ ಒಳಗೇ ಉಳಿದಿದ್ದೇವೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಲೈನಿನಲ್ಲಿ ಹುಡುಗಿಯರು, ಅಕ್ಕಾ, ಭಾವ ಹೇಗಿದ್ದಾರೆ, ಅಂಥವರು ಎಲ್ಲಿ ಸಿಗುತ್ತಾರೆ ಎಂದಾಗ ಅವಳು ಕಾಲರಿನ ಮೂಲೆ ಸರಿಯಾಗಿ ತಿರುಗಿದೆಯೇ ಎಂದು ನೋಡುತ್ತ ನಿಲ್ಲುತ್ತಿದ್ದಳು.

ಲಿಫ್ಟಿನವನು ಮತ್ತೊಮ್ಮೆ ಬಂದ. ಸೋಮವಾರದೊಳಗೆ ಹೂಂ ಅನ್ನದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ ಎಂದು ಅವಳಿಗೇ ಹೇಳಿ ಹೋದ. ಶನಿವಾರ ಮಧ್ಯಾಹ್ನ ಮ್ಯಾನೇಜರು ಅವಳನ್ನು ಕರೆಸಿ, ಆ ಗೋಡೆಯ ಹತ್ತಿರ ಇನ್ನೊಂದು ಹೊಸ ಯಂತ್ರ ಬರುತ್ತಿದೆ, ನಿಮ್ಮ ಯಜಮಾನರ ಪೆಟ್ಟಿಗೆ ತೆಗೆದುಕೊಂಡು ಹೋಗಿ ಎಂದರು. ಅವಳು ಇನ್ನೊಂದಷ್ಟು ದಿನ ಇರಲಿ ಎನ್ನುವುದಕ್ಕೆ ಬಾಯಿ ತೆರೆದು, ಯಾಕೆ ಎಂದು ಕೇಳಿದರೆ ಹೇಳುವುದೇನು ಎಂದು ಮುಚ್ಚಿಕೊಂಡಳು. ಪೆಟ್ಟಿಗೆ ಹೆಣಭಾರ. ಬಸ್ಸಿನಲ್ಲಿ ಕಾಲಡಿ ಇಟ್ಟುಕೊಂಡು, ಇಳಿದ ಮೇಲೆ ನಿಂತು ನಿಂತು ಕೈ ಬದಲಿಸುತ್ತ ಮನೆಗೆ ತಂದಳು.

ಅವನು ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ. ಪೆಟ್ಟಿಗೆ ನೋಡಿ ಚಾಕು ಕೆಳಗಿಟ್ಟ.

"ಇದನ್ನ ಯಾರು ತರೋಕೆ ಹೇಳಿದ್ದು?"

"ಮ್ಯಾನೇಜರು. ಆ ಜಾಗ ಬೇಕಂತೆ."

"ನನ್ನದು ಅಂತ ಅವರಿಗೆ ಗೊತ್ತಿರಲ್ಲ. ನೀನು ಹೇಳ್ಬೇಕಿತ್ತು."

"ನಿಮ್ಮದು ಅಂತ ಗೊತ್ತಿದ್ದೇ ಹೇಳಿದ್ದು."

ಅವನು ಮುಚ್ಚಳ ತೆಗೆದು ಒಂದೊಂದನ್ನೇ ಮುಟ್ಟಿ ನೋಡಿ ಮತ್ತೆ ಮುಚ್ಚಿದ. ಮುಖ ಕೆಂಪಗಾಗಿತ್ತು. ಊಟಕ್ಕೆ ಕೂತಾಗ, ಸೋಮವಾರ ನಾನೇ ಕಾರ್ಖಾನೆಗೆ ಹೋಗುತ್ತೇನೆ, ಮ್ಯಾನೇಜರ್ ಎದುರಿಗೆ ಕೂತು ಕೇಳುತ್ತೇನೆ, ಅಷ್ಟು ದೊಡ್ಡ ಮನಸ್ಸು ಮಾಡಿದವನಿಗೆ ಇದೇ ಏನು ಮರ್ಯಾದೆ ಅಂತ ಎಂದ. ಕಾಲರ್ ಅಕ್ಕನ ಕೈ ತಟ್ಟೆಯಲ್ಲೇ ನಿಂತಿತು. ಆ ಗಾಜಿನ ಕೋಣೆ ಅವಳ ಕಣ್ಣಿಗೆ ಕಟ್ಟಿತು. ಒಳಗೆ ಇವನು, ಹೊರಗೆ ಸಾಲುಸಾಲು ಹುಡುಗಿಯರು. ಮ್ಯಾನೇಜರು ಬೇಸತ್ತು, ಏನ್ರೀ ಇದು, ನಿಮ್ಮ ಮನೆಯವರೇ ಹೀಗೆ ಹೇಳಿ ಅಂದರಲ್ಲ ಎನ್ನುವುದು.

ಅತ್ತೆ ಮಗನ ತಟ್ಟೆಗೆ ಇನ್ನಷ್ಟು ಅನ್ನ ಹಾಕಿದಳು. "ಹೋಗು, ಕೇಳು. ನಿನ್ನ ಜಾಗ ನೀನು ತಗೋ. ಒಂದ್ಸಲ ನೀನು ಬಿಟ್ಟಾಯ್ತು. ಈಗ ಇವಳು ಬಿಡ್ಲಿ."

ಮುದುಕಿ ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಅವಳ ಲೆಕ್ಕಕ್ಕೆ ಅದು ನ್ಯಾಯ. ಮೆಕ್ಯಾನಿಕ್ಕು ತಾಯಿಗೆ ಸುಮ್ಮನಿರು ಎನ್ನಲಿಲ್ಲ. ಅವನು ಹೆಂಡತಿಯ ಮುಖ ನೋಡುತ್ತಿದ್ದ. ಅವಳ ಜಾಗದಲ್ಲಿ ತಾನಿದ್ದಿದ್ದರೆ ಇಷ್ಟು ಹೊತ್ತಿಗೆ ಹೂಂ ಎಂದಿರುತ್ತಿದ್ದೆ ಎಂಬುದು ಅವನ ಕಣ್ಣಲ್ಲಿ ಕಾಣುತ್ತಿತ್ತು, ಮತ್ತು ಅದು ನಿಜವೂ ಆಗಿತ್ತು. ಕೇಳಿದ ಮೇಲೂ ಕೊಡದೆ ಕೂತವಳು ಅವಳೊಬ್ಬಳೇ.

"ನಾನು ಬಿಟ್ರೂ ಅದು ನಿಮಗೆ ಸಿಗಲ್ಲ ರೀ," ಎಂದಳು.

ಯಾಕೆ ಎಂದು ಅವನು ಕೇಳಿದ. ಅವಳು ಹೇಳಿದಳು. ಒಂದನ್ನೂ ಬಿಡದೆ, ತಟ್ಟೆ ನೋಡಿಕೊಂಡು ಹೇಳಿದಳು. ಮೆಕ್ಯಾನಿಕ್ ಕೆಲಸವೇ ಇಲ್ಲವಾದದ್ದು, ತಾನು ಕೋಣೆಯಲ್ಲಿ ಕೈಮುಗಿದು ನಿಂತದ್ದು, ಇಬ್ಬರಲ್ಲಿ ಒಬ್ಬರು ಎಂಬ ಮಾತನ್ನು ತಾನೇ ಮ್ಯಾನೇಜರ್ ಬಾಯಿಗೆ ಇಟ್ಟದ್ದು. ಮಗಳು ನೀರಿನ ಲೋಟ ಹಿಡಿದುಕೊಂಡೇ ಕೂತಿದ್ದಳು. ಹೇಳಿ ಮುಗಿದ ಮೇಲೂ ಕಾಲರ್ ಅಕ್ಕನಿಗೆ ಹಗುರವಾಗಲಿಲ್ಲ.

ಅವನು ಅನ್ನ ಕಲಸುತ್ತಲೇ ಕೇಳಿದ.

"ಅವತ್ತು ನಾನು, ಇಲ್ಲ, ನಾನೇ ಇರ್ತೀನಿ ಅಂದಿದ್ರೆ?"

"ಆಗ್ಲೂ ನಿಮ್ಮನ್ನೇ ಕಳಿಸ್ತಿದ್ರು."

"ಅಂದ್ರೆ ನಾನು ಏನಂದ್ರೂ ಒಂದೇ ಆಗಿತ್ತು."

ಅವಳು ಹೌದು ಎನ್ನಲಾರದೆ ತಲೆಯಾಡಿಸಿದಳು. ಅವನು ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡು, ತಟ್ಟೆ ತೊಳೆದಿಟ್ಟು, ಹೊರಗಿನ ಕೋಣೆಗೆ ಹೋದ. ಅತ್ತೆ ಸೊಸೆಯ ಕಡೆಗೆ ವಾಲಿ, ಸಣ್ಣ ದನಿಯಲ್ಲಿ, "ಇಷ್ಟು ದಿನ ಹೊಟ್ಟೇಲಿಟ್ಕೊಂಡಿದ್ದೆ. ಇನ್ನೂ ಇಟ್ಕೋಬಹುದಿತ್ತಲ್ಲೇ," ಎಂದಳು. ಇಷ್ಟು ವರ್ಷಗಳಲ್ಲಿ ಅತ್ತೆ ಅವಳಿಗೆ ಆಡಿದ ಮಾತುಗಳಲ್ಲಿ ಇದೇ ಹೆಚ್ಚು ನೋಯಿಸಿದ್ದು.

ಭಾನುವಾರ ಅವನು ಪೆಟ್ಟಿಗೆಯ ಒಂದೊಂದು ಉಪಕರಣವನ್ನೂ ತೆಗೆದು ಒರೆಸುತ್ತ ಕೂತ. ಸಂಜೆ ಮೆಟ್ಟಿಲು ಹತ್ತಿ ಲಿಫ್ಟಿನವನ ಮನೆಗೆ ಹೋಗಿ ಬಂದ. ಸೋಮವಾರ ಬೆಳಗ್ಗೆ ಅವಳಿಗಿಂತ ಮೊದಲೇ ಎದ್ದು, ಪೆಟ್ಟಿಗೆಯಿಂದ ಬೇಕಾದದ್ದನ್ನು ಆರಿಸಿ ಚೀಲಕ್ಕೆ ತುಂಬಿಕೊಂಡು ಹೊರಟ. ಡಬ್ಬಿ ಕಟ್ಟಿಕೊಡಲೇ ಎಂದು ಅವಳು ಕೇಳಿದ್ದಕ್ಕೆ, ಬೇಡ, ನಿಮಗೆ ಹೊತ್ತಾಗುತ್ತದೆ ಎಂದ. ಹೆಂಡತಿಗೆ ಅವನು ನೀವು ಎಂದದ್ದು ಅದೇ ಮೊದಲು. ಅವಳು ಕೈಗೆತ್ತಿಕೊಂಡಿದ್ದ ಡಬ್ಬಿಯನ್ನು ಮತ್ತೆ ಅದರ ಜಾಗಕ್ಕೆ ಇಟ್ಟಳು.

ಕೆಲಸ ಹತ್ತಿತು. ಅವಳು ಬಯಸಿದ್ದು ಅದನ್ನೇ ಅಲ್ಲವೇ? ಅವನು ತನಗಿಂತ ಎಷ್ಟೋ ಚಿಕ್ಕವನಾದ ಸೀನಿಯರ್ ಹಿಂದೆ ಚೀಲ ಹಿಡಿದು ಕಟ್ಟಡದಿಂದ ಕಟ್ಟಡಕ್ಕೆ ಓಡಾಡಿದ. ಸಂಜೆ ಬಂದರೆ ಕೈಗೆ ಹತ್ತಿದ ಗ್ರೀಸನ್ನು ಬಚ್ಚಲಲ್ಲಿ ಬಹಳ ಹೊತ್ತು ಉಜ್ಜುತ್ತಿದ್ದ. ಲಿಫ್ಟಿನ ಕೆಳಗಿನ ಹಳ್ಳದೊಳಗೆ ಇಳಿಯುವುದು ಹೇಗೆ, ಹಗ್ಗ ಸವೆದಿದ್ದರೆ ಗುರುತು ಏನು ಎಂದು ಮಗಳಿಗೆ ಹೇಳುತ್ತಿದ್ದ; ಹೆಂಡತಿ ಬಂದು ಕೂತರೆ ಮಾತು ನಿಲ್ಲುತ್ತಿತ್ತು. ಜಗಳವಿಲ್ಲ, ಬೈಗುಳವಿಲ್ಲ. ಉಪ್ಪು ಹೆಚ್ಚೋ ಕಡಿಮೆಯೋ ಹಾಕಿದ್ದನ್ನು ಉಂಡು ಏಳುತ್ತಿದ್ದ. ಬೆಳಗ್ಗೆ ಅವಳು ಬಚ್ಚಲಿಂದ ಹೊರಬರುವವರೆಗೆ ಗೋಡೆಗೆ ಒರಗಿ ಕಾಯುತ್ತಿದ್ದ. ಬಿಟ್ಟುಕೊಟ್ಟೆ ಎಂಬ ಮಾತು ಮನೆಯಿಂದ ಮಾಯವಾಯಿತು. ಒಂದು ಸಲ ಅನ್ನಲಿ, ನಕ್ಕುಕೊಂಡು ಚುಚ್ಚಲಿ ಎಂದು ಅವಳು ಹಾತೊರೆಯುವಂತಾಯಿತು. ಅಡುಗೆಯ ಕೆಲಸ ಮತ್ತೆ ಅವಳ ಪಾಲಿಗೆ ಬಂತು. ಲೈನಿನಲ್ಲಿ ದಿನವಿಡೀ ನಿಂತು ಬಂದು ಇಲ್ಲೂ ನಿಲ್ಲುತ್ತಿದ್ದಳು. ದಣಿವಿಗೆ ಅಳು ಬಂದರೂ, ಈ ಕೆಲಸ ಬಿಡುತ್ತೇನೆ ಎನ್ನಲು ಅವಳಿಗೆ ಬಾಯಿರಲಿಲ್ಲ. ತನ್ನ ಕೆಲಸ ಉಳಿದು ಅವನದು ಹೋದದ್ದು ಹೇಗೆಂದು ಮನೆಯವರಿಗೆಲ್ಲ ಗೊತ್ತಾಗಿಬಿಟ್ಟಿತ್ತು.

ಒಮ್ಮೆ ಮಗಳೊಡನೆ ಬಟ್ಟೆ ಮಡಚುತ್ತ, ನಾನು ಮಾಡಿದ್ದು ತಪ್ಪೇ ಎಂದು ಕೇಳಿದಳು. ಮಗಳು ಅಪ್ಪನ ಅಂಗಿಯ ತೋಳು ಸರಿಮಾಡಿಕೊಂಡು, "ಮಾಡಿದ್ದೋ, ಹೇಳಿದ್ದೋ?" ಎಂದಳು. ಅವಳು ಮಡಚಿಟ್ಟಿದ್ದ ಸೀರೆಯನ್ನೇ ಮತ್ತೆ ಬಿಚ್ಚಿ ಮಡಚತೊಡಗಿದಳು.

ತರಬೇತಿ ಮುಗಿದು ಅವನಿಗೆ ಸ್ವಂತವಾಗಿ ಕಟ್ಟಡಗಳನ್ನು ಒಪ್ಪಿಸಿದ ವಾರ, ರಜಾದಿನದಲ್ಲಿ ಲಿಫ್ಟಿನವನೂ ಆ ಸೀನಿಯರೂ ಮನೆಗೆ ಬಂದರು. ಸೀನಿಯರ್ ಮೀಸೆ ಈಗಷ್ಟೇ ದಟ್ಟವಾಗುತ್ತಿದ್ದ ಹುಡುಗ, ಮಾತಿನಮಲ್ಲ. ಅಂಕಲ್ ಕೈ ಭಾರೀ ಚೆನ್ನಾಗಿದೆ, ನಾನು ಕಲಿಯಲು ಒಂದು ವರ್ಷ ತೆಗೆದುಕೊಂಡದ್ದನ್ನು ಇವರು ಬೇಗ ಹಿಡಿದರು ಎಂದು ಹೊಗಳಿದ. ಅತ್ತೆ ಹಿಗ್ಗಿ ಅವನ ಮುಂದಕ್ಕೆ ಬಿಸ್ಕತ್ತಿನ ತಟ್ಟೆ ಸರಿಸಿದಳು. ಕಾಲರ್ ಅಕ್ಕ ಚಹಾ ತಂದು ಎಲ್ಲರ ಕೈಗೂ ಕೊಡುತ್ತಿದ್ದಳು.

"ಇಂಥ ಕೈ ಇರೋರನ್ನ ಕಾರ್ಖಾನೆಯವರು ಹ್ಯಾಗೆ ಬಿಟ್ರು ಅಂಕಲ್?" ಎಂದು ಆ ಹುಡುಗ ಕೇಳಿದ.

ಲಿಫ್ಟಿನವನಿಗೆ ಹಳೆಯ ಕಥೆಯಷ್ಟೇ ಗೊತ್ತಿತ್ತು, ಅವನು ನಗುತ್ತ ಮೆಕ್ಯಾನಿಕ್ಕಿನ ಕಡೆ ನೋಡಿದ, ಹೇಳಪ್ಪ ಎನ್ನುವಂತೆ. ಮಗಳು ಪುಸ್ತಕದಿಂದ ತಲೆ ಎತ್ತಲಿಲ್ಲ. ಮೆಕ್ಯಾನಿಕ್ಕು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಅವರು ಬಿಡಿಸಲಿಲ್ಲ," ಎಂದ. "ಇಬ್ಬರಲ್ಲಿ ಒಬ್ಬರು ಹೋಗ್ಬೇಕು ಅಂದ್ರು. ನಾನೇ ಹೋಗ್ತೀನಿ ಅಂದೆ."

ಹೇಳುವಾಗ ಹಳೆಯ ಗತ್ತು ಇರಲಿಲ್ಲ. ಮೆಟ್ಟಿಲ ಮೇಲೆ ಜನರನ್ನು ನಿಲ್ಲಿಸಿಕೊಂಡು ಹೇಳುತ್ತಿದ್ದವನ ದನಿಯೇ ಅಲ್ಲ ಅದು. ಹುಡುಗ ಬೆರಗಾಗಿ ಅವಳ ಕಡೆ ತಿರುಗಿದ.

"ನಿಜಾನಾ ಆಂಟಿ?"

ಗಂಡ ನೆಲ ನೋಡುತ್ತಿದ್ದ. ಅವನ ಕಿವಿ ಕೆಂಪಗಾಗಿದ್ದು ಅವಳಿಗೆ ನಿಂತಲ್ಲಿಂದಲೇ ಕಂಡಿತು. ಈ ಮನುಷ್ಯ ಕೇಳಿದವರಿಗೆಲ್ಲ ಕೊಟ್ಟವನು, ತನಗಾಗಿ ಯಾರನ್ನೂ ಏನನ್ನೂ ಕೇಳಿದವನಲ್ಲ. ಈಗ ಬಾಯಿ ಬಿಡದೆ ಕೇಳುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು.

"ಹೌದಪ್ಪ," ಎಂದಳು. "ಅವರು ಬಿಟ್ಟುಕೊಟ್ರು. ಇಲ್ಲದಿದ್ರೆ ಇವತ್ತು ನಾನು ಮನೇಲಿರ್ತಿದ್ದೆ."

ಎಂಥ ಪುಣ್ಯ ಮಾಡಿದ್ರಿ ಆಂಟಿ ಎಂದ ಹುಡುಗ. ಅದಕ್ಕೂ ಹೌದು ಎಂದಳು. ಅತ್ತೆ ಬಿಸ್ಕತ್ತಿನ ತಟ್ಟೆಯನ್ನು ಮತ್ತೊಮ್ಮೆ ಎಲ್ಲರ ಮುಂದೂ ಹಿಡಿದಳು. ಮೆಕ್ಯಾನಿಕ್ಕು ಖಾಲಿ ಲೋಟವನ್ನು ಹೆಂಡತಿಯ ಕಡೆ ಚಾಚಿದ.

"ಇನ್ನೊಂದು ಚೂರು ಇದ್ರೆ ಹಾಕೇ," ಎಂದ.

ಅವಳು ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದಳು. ನೀವು ಎನ್ನುವುದನ್ನು ಬಿಟ್ಟು ಅವನು ಹಾಕೇ ಎಂದದ್ದಕ್ಕೆ ಕಣ್ಣು ತುಂಬಿ, ಒಲೆ ಹಚ್ಚುವುದಕ್ಕೂ ಸ್ವಲ್ಪ ಹೊತ್ತು ಬೇಕಾಯಿತು. ಹೊರಗೆ ಆ ಹುಡುಗ ಇನ್ನೂ ಹೊಗಳುತ್ತಿದ್ದ. ಮೊದಲು ಈ ಸುಳ್ಳನ್ನು ಅವನೊಬ್ಬನೇ ನಿಜವೆಂದು ನಂಬಿ ಹೇಳಿಕೊಂಡು ತಿರುಗಿದ್ದ. ಇನ್ನು ಮೇಲೆ ಸುಳ್ಳೆಂದು ಗೊತ್ತಿದ್ದೂ ಇಬ್ಬರೂ ಹೇಳಬೇಕು, ಬಂದವರ ಮುಂದೆಲ್ಲ, ಬದುಕಿರುವವರೆಗೂ. ಅವಳು ಚಹಾ ಬಿಸಿಮಾಡಿ, ಅವನಿಗೆ ಹಿಡಿಸುವಷ್ಟು ಸಕ್ಕರೆ ಹಾಕಿಕೊಂಡು ಹೊರಗೆ ಹೋದಳು.